ಪಟ್ಟಣಸ್ವಾಮಿ ಹಿಡಿದ ಕಾದ ಕುಳ

ವರದಾ ನದಿಯ ತೆಂಕಣ ದಡದಲ್ಲಿ, ಸುಣ್ಣದ ಗಾರೆಯಿಂದ ಬೆಳಗುವ ಏಳಾಳೆತ್ತರದ ಕೋಟೆಯನ್ನು ಉಟ್ಟು ನಿಂತಿದ್ದ ಬೆಳ್ಗೋಟೆಯೆಂಬ ರಾಜಧಾನಿಯಲ್ಲಿ ಆ ಬೆಳಗ್ಗೆಯೂ ಸಂತೆ ನೆರೆದಿತ್ತು. ಮಂಟಪಬೀದಿಯ ಇಕ್ಕೆಲಗಳಲ್ಲಿ ಗಂಧದ ಕೊರಡು, ಮೆಣಸಿನ ಮೂಟೆ, ಕುದುರೆಯ ಜೀನು, ಕಂಚಿನ ಗಿಂಡಿಗಳು ಎಂದಿನಂತೆ ಹರಡಿದ್ದವು. ಹೂವಾಡಗಿತ್ತಿಯರು ಎಂದಿನಂತೆ ಕೂಗುತ್ತಿದ್ದರು. ಆದರೆ ಕೊಳ್ಳಲು ಬಂದವರ ಕಣ್ಣು ಸರಕಿನ ಮೇಲಿರಲಿಲ್ಲ, ಮೂಡಣ ಕೋಟೆಗೋಡೆಯ ತುದಿಯ ತೆನೆಗಳ ಮೇಲಿತ್ತು. ತೆನೆಗಳಾಚೆ ಕೆಳಪೇಟೆ ಉರಿಯುತ್ತಿತ್ತು. ನೇಕಾರರ ಇನ್ನೂರು ಮನೆಗಳನ್ನು ಮಗ್ಗಗಳ ಸಮೇತ ಸುಟ್ಟು, ಓಡಲಾರದ ಮುದುಕರನ್ನು ಬಾವಿಗೆ ತಳ್ಳಿ, ಓಡಿದವರ ತಲೆಗಳನ್ನು ಈಟಿಗೆ ಸಿಕ್ಕಿಸಿ ಹೆಬ್ಬಾಗಿಲಿನೆದುರು ಸಾಲಾಗಿ ನೆಟ್ಟಿದ್ದರು. ನೆಟ್ಟವರು ಪರದೇಶದ ಹಗೆಗಳಲ್ಲ. ಇದೇ ಊರಿನ ಅರಮನೆಯಲ್ಲಿ ಹುಟ್ಟಿ, ಇದೇ ಊರಿನ ನೀರು ಕುಡಿದು ಬೆಳೆದ ಕಿರಿಯ ರಾಜಕುಮಾರ ಕಾವದೇವನ ಭಟರು.

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎನ್ನುತ್ತಾರೆ. ಬಡವನ ಮನೆಯಲ್ಲಿ ಈ ಮಾತು ನಿಜವಾದರೆ ಒಂದು ಬೇಲಿ ಕಿತ್ತುಹೋಗುತ್ತದೆ, ಅಷ್ಟೆ. ಅರಮನೆಯಲ್ಲಿ ನಿಜವಾದರೆ ಸಾಯುವವರು ನೇಕಾರರು. ಹಿರಿಯನಾದ ಇರುಂಗದೇವನಿಗೆ ಪಟ್ಟವಾಗಿ ವರ್ಷ ತುಂಬಿರಲಿಲ್ಲ. ಅವನು ಗಡಿಯ ದಂಗೆ ಅಡಗಿಸಲು ಹೋದದ್ದೇ ತಡ, ಕಾವದೇವನು ಕೂಲಿಯ ಸೈನ್ಯ ಕಟ್ಟಿಕೊಂಡು ಬಂದು ರಾಜಧಾನಿಯನ್ನು ಮುತ್ತಿದನು. ಆ ಸೈನ್ಯಕ್ಕೆ ಕೊಡಲು ಅವನ ಬಳಿ ಸಂಬಳವಿರಲಿಲ್ಲ. ಊರು ಬಿದ್ದ ದಿನದಿಂದ ಮೂರು ಹಗಲು ಊರೆಲ್ಲ ನಿಮ್ಮದೇ, ಒಡವೆಯೂ ನಿಮ್ಮದೇ, ಹೆಂಗಸರೂ ನಿಮ್ಮವರೇ ಎಂದು ಮಾತು ಕೊಟ್ಟಿದ್ದನು.

ಹೀಗೆ ಹೊರಗೆ ಬೆಂಕಿ, ಒಳಗೆ ಅಂಜಿಕೆ ಇದ್ದ ಆ ಊರಿನ ಭಾರವೆಲ್ಲ ಮಾಚಿಸೆಟ್ಟಿಯೆಂಬ ಅರವತ್ತರ ಮನುಷ್ಯನ ಹೆಗಲ ಮೇಲಿತ್ತು. ಮೆಣಸಿನ ವ್ಯಾಪಾರಿ, ಡೊಳ್ಳುಹೊಟ್ಟೆಯವನು, ಮುಂಗೋಪಿ. ಆದರೆ ಒಂಬತ್ತು ಕುಲದ ಕಸುಬಿನವರು ಸೇರಿ ಆರಿಸಿದ ಪಟ್ಟಣಸ್ವಾಮಿ. ಬೆಳ್ಗೋಟೆಯಲ್ಲಿ ಹೆಬ್ಬಾಗಿಲಿನ ಬೀಗದ ಕೈ ಅರಸನದಲ್ಲ, ಊರಿನದು. ಅದು ಪಟ್ಟಣಸ್ವಾಮಿಯ ಸೊಂಟದಲ್ಲಿರುತ್ತಿತ್ತು, ಬಾಗಿಲು ಕಾಯುವವರೂ ಊರಿನ ಆಳುಗಳೇ. ನದಿ ಈಜಿ ಬಂದ ದೂತನೊಬ್ಬನು ಹಿಂದಿನ ಸಂಜೆ ಅರಸನ ಮಾತು ತಂದಿದ್ದನು: “ಮೂರು ಹಗಲು ತಡೆದುಕೊಳ್ಳಿ, ಬರುತ್ತಿದ್ದೇನೆ.”

ಸಂತೆಯ ಗದ್ದಲದ ನಡುವೆ ಕಮ್ಮಾರರ ಹಿರಿಯನಾದ ಕಲ್ಲೋಜನು ಸೆಟ್ಟಿಯ ಅಂಗಡಿಗೆ ಬಂದು, ಮೂಟೆಗಳ ಹಿಂದೆ ಕುಳಿತು, ಹಣೆಯ ಬೆವರೊರೆಸಿಕೊಂಡನು.

“ಸೆಟ್ಟಿಯವರೆ, ಬೇಲಿಯೇ ಎದ್ದು ಹೊಲ ಮೇಯಲು ಹೊರಟಿದೆ. ಹೆಬ್ಬಾಗಿಲಿನ ಅಗುಳಿಯ ಗೂಟವನ್ನು ಗುಟ್ಟಾಗಿ ಅರದಿಂದ ಉಜ್ಜಿ ಸವೆಸಿಡು ಎಂದು ದಂಡನಾಯಕರು ನನಗೆ ಹೇಳಿ ಕಳಿಸಿದ್ದಾರೆ.”

ದಂಡನಾಯಕ ರೇಚರಸನೆಂದರೆ, ಅರಸನು ತಾನಿಲ್ಲದಾಗ ಅರಮನೆಯನ್ನೂ ಮುನ್ನೂರು ಕತ್ತಿಯಾಳುಗಳನ್ನೂ ನಂಬಿ ಒಪ್ಪಿಸಿ ಹೋದವನು.

“ಥೂ, ಉಂಡ ಮನೆಯ ಜಂತೆ ಎಣಿಸುವ ನಾಯಿ!” ಎಂದು ಮಾಚಿಸೆಟ್ಟಿ ಹಲ್ಲು ಕಡಿದನು. “ನೀನು ಏನೆಂದೆ?”

“ಆಗುವುದಿಲ್ಲವೆಂದೆ. ಹಾಗಾದರೆ ಸೆಟ್ಟಿಯ ಸೊಂಟದಿಂದ ಬೀಗದ ಕೈಯನ್ನೇ ಬಿಚ್ಚಿಸುತ್ತೇನೆ, ನಾಳೆ ಸಭೆಯಲ್ಲಿ ನೋಡು ಎಂದರಂತೆ. ಬಾಗಿಲು ತೆರೆಯುತ್ತೇನೆಂದು ಕಾವದೇವನಿಗೆ ನೀವು ಬರೆದಂತೆ ಒಂದು ಸುಳ್ಳು ಓಲೆ ಹುಟ್ಟಿಸಿದ್ದಾರೆ. ಊರೆಲ್ಲ ಹೆದರಿ ಕೂತಿದೆ ಸ್ವಾಮಿ. ಹೆದರಿದವರು ಏನನ್ನಾದರೂ ನಂಬುತ್ತಾರೆ. ದ್ರೋಹದ ಆಪಾದನೆ ಹೊತ್ತವನ ಬೀಗದ ಕೈ ಅಂದೇ ದಂಡನಾಯಕನ ಕೈ ಸೇರಬೇಕೆಂಬುದು ಕಟ್ಟಳೆಯಲ್ಲವೆ?”

“ಅವನು ದಿವ್ಯ ಹಿಡಿಯದಿದ್ದರೆ,” ಎಂದನು ಮಾಚಿಸೆಟ್ಟಿ.

ಕಲ್ಲೋಜನ ಮುಖ ಕಪ್ಪಿಟ್ಟಿತು. ದಿವ್ಯವೆಂದರೆ ಕೆಂಪಗೆ ಕಾದ ನೇಗಿಲ ಕುಳವನ್ನು ಎರಡೂ ಅಂಗೈಯಲ್ಲಿ ಹಿಡಿದು ಕೋಟೆಯವ್ವನ ಗುಡಿಯನ್ನು ಸುತ್ತುವುದು. ಆಮೇಲೆ ಎರಡೂ ಕೈಗಳನ್ನು ಕೂಡಿಸಿ ಒಂದೇ ಬಟ್ಟೆಯಲ್ಲಿ ಸುತ್ತಿ, ಗಂಟಿನ ಮೇಲೆ ಅರಗಿನ ಮುದ್ರೆಯೊತ್ತುತ್ತಾರೆ. ಮೂರನೆಯ ಸಂಜೆ ಮುದ್ರೆ ಒಡೆದು, ಒಂಬತ್ತು ಕುಲದ ಹಿರಿಯರು ನೋಡಿ, ಅಂಗೈ ಸುಡದಿದ್ದರೆ ‘ಶುದ್ಧ’ ಎನ್ನುತ್ತಾರೆ. ಸುಟ್ಟಿದ್ದರೆ ಅವನು ದ್ರೋಹಿ. ಅವನ ಮನೆ ಕೆಡವಿ ಕತ್ತೆ ಹೂಡಿ ಉತ್ತು, ಹೆಂಡತಿ ಮಕ್ಕಳನ್ನು ಊರಾಚೆ ಅಟ್ಟುತ್ತಾರೆ. ಆದರೆ ಮುದ್ರೆ ಒಡೆಯುವ ತನಕ ಯಾರೂ ಮಾಟಮಂತ್ರ ಮಾಡಿ ಆ ಕೈಯನ್ನು ಕೆಡಿಸಬಾರದೆಂದು ಊರೇ ವ್ರತ ಹಿಡಿಯುತ್ತದೆ: ಬೀಗದ ಕೈ ದೇವಿಯ ಕೊರಳಿಗೆ ಹೋಗುತ್ತದೆ, ಹೆಬ್ಬಾಗಿಲು ಹುಟ್ಟಿದ ಮಗುವಿಗೂ ತೆರೆಯುವುದಿಲ್ಲ, ಸತ್ತ ಹೆಣಕ್ಕೂ ತೆರೆಯುವುದಿಲ್ಲ. ಊರಿನವರಿಗೆ ಇದು ತಾಯಿಯ ಹಾಲಿನೊಡನೆ ಬಂದ ತಿಳಿವು. ಘಟ್ಟದ ಕೆಳಗಿನಿಂದ ಬಂದು ಎರಡು ವರ್ಷವಾಗಿದ್ದ ರೇಚರಸನು ಇದನ್ನು ಕಂಡವನಲ್ಲ.

“ಕಬ್ಬಿಣಕ್ಕೆ ಸತ್ಯವಂತ, ಸುಳ್ಳ ಎಂಬ ಭೇದವಿಲ್ಲ ಸ್ವಾಮಿ,” ಎಂದು ಕಲ್ಲೋಜನು ಪಿಸುಗುಟ್ಟಿದನು. “ನಲವತ್ತು ವರ್ಷದಿಂದ ಕಾಸುತ್ತಿದ್ದೇನೆ. ಅದು ಎಲ್ಲರನ್ನೂ ಸುಡುತ್ತದೆ.”

“ಮೂರು ದಿನ ಬಾಗಿಲು ಮುಚ್ಚಿರುತ್ತದಲ್ಲ? ನನಗೆ ಅಷ್ಟು ಸಾಕು. ಕುಳ ಮಾತ್ರ ಚೆನ್ನಾಗಿ ಕಾಯಿಸು ಮಾರಾಯ. ಕೆಂಪು ಕಡಿಮೆಯಾದರೆ ಆ ನಾಯಿ ಕಂಡುಹಿಡಿದಾನು.”

ಮನೆಯಲ್ಲಿ ಹೆಂಡತಿ ಲಚ್ಚಿಯಬ್ಬೆಗೆ ಹೇಳಿದಾಗ ಅವಳು ಅಳಲಿಲ್ಲ, ಬೈದಳು. “ಊರಿಗೆ ಉಪಕಾರಿ, ಮನೆಗೆ ಮಾರಿ! ಮೂರನೆಯ ದಿನ ನನ್ನ ಮನೆಗೆ ಕತ್ತೆ ಹೂಡುತ್ತಾರಲ್ಲ, ಆಗ ನಾನು ಎಲ್ಲಿಗೆ ಹೋಗಲಿ?” ಎಂದಳು. ಆಮೇಲೆ ಅವಳೇ ಅವನ ಎರಡೂ ಅಂಗೈಗಳನ್ನು ತನ್ನ ಮಡಿಲಿಗೆಳೆದುಕೊಂಡು ತುಪ್ಪ ತಿಕ್ಕತೊಡಗಿದಳು.

ಮರುದಿನ ಸಭೆ ನೆರೆಯಿತು. ರೇಚರಸನು ಓಲೆಯನ್ನೆತ್ತಿ ಹಿಡಿದು ಗುಡುಗಿದನು: “ಮಹಾಜನಗಳಿರಾ! ಈಟಿಯ ತುದಿಯಲ್ಲಿರುವ ನಿಮ್ಮ ನೇಕಾರರ ತಲೆಗಳನ್ನು ಮಾರಿದವನು ಇಲ್ಲಿದ್ದಾನೆ ನೋಡಿ!” ಗುಂಪು ಗುಜುಗುಜುಗುಟ್ಟಿತು. ಅಣ್ಣನನ್ನು ಕಳೆದುಕೊಂಡ ನೇಕಾರನೊಬ್ಬನು ಎಸೆದ ಕಲ್ಲು ಮಾಚಿಸೆಟ್ಟಿಯ ಕಿವಿಯನ್ನು ಹರಿಯಿತು.

ರಕ್ತವನ್ನು ಒರೆಸಿಕೊಳ್ಳದೆಯೆ ಅವನು ಎದ್ದು ನಿಂತು, “ದಂಡನಾಯಕರೆ, ನಾನು ದಿವ್ಯ ಹಿಡಿಯುತ್ತೇನೆ. ತಮ್ಮ ಅಪ್ಪಣೆಯಾಗಲಿ,” ಎಂದನು.

ರೇಚರಸನು ನಕ್ಕನು. ಬೆಂದ ಕೈಯವನು ಬೀಗದ ಕೈ ಹಿಡಿಯಲಾರ, ಜನರೆದುರು ಚೀರಿ ಮಾನವನ್ನೂ ಕಳೆದುಕೊಳ್ಳುತ್ತಾನೆ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದು ಅವನ ಲೆಕ್ಕಾಚಾರ. “ಅಪ್ಪಣೆಯೇನು, ನಾನೇ ನಿಂತು ನೋಡುತ್ತೇನೆ!” ಎಂದನು. ಅಯ್ಯೋ, ಒಬ್ಬ ಹಿರಿಯನನ್ನು ಪಕ್ಕಕ್ಕೆ ಕರೆದು ಒಂದು ಮಾತು ಕೇಳಿದ್ದರೂ ಸಾಕಿತ್ತು! ಗರ್ವಿಷ್ಠನಿಗೆ ಕೇಳುವುದೆಂದರೆ ತಲೆ ಕಡಿದಂತೆ.

ಕುಳ ಕಾಯಿತು. ಕಲ್ಲೋಜನು ಅದನ್ನು ಇಕ್ಕಳದಿಂದ ಎತ್ತಿ ಸೆಟ್ಟಿಯ ಅಂಗೈಗಳ ಮೇಲಿಟ್ಟನು. ತುಪ್ಪ ಮೊದಲು ಚೊಯ್ಯೆಂದಿತು, ಆಮೇಲೆ ಚರ್ಮ. ಸುಟ್ಟ ಮಾಂಸದ ವಾಸನೆ ಕೂಡಿದವರೆಲ್ಲರ ಮೂಗಿಗೆ ಬಡಿಯಿತು. ಮಾಚಿಸೆಟ್ಟಿಯು ಕೆಳದುಟಿಯನ್ನು ಕಚ್ಚಿ, ಗಡ್ಡದ ಮೇಲೆ ರಕ್ತ ಸುರಿಸಿಕೊಂಡು, ಡೊಳ್ಳುಹೊಟ್ಟೆಯನ್ನು ಮುಂದೆ ಮಾಡಿ ಗುಡಿಯನ್ನು ಒಂದು ಸುತ್ತು ಸುತ್ತಿದನು. ಚೀರಲಿಲ್ಲ. ಗಾಣಿಗರ ಹಿರಿಯ ಸೋವಯ್ಯ, ಒಂಬತ್ತು ಮಂದಿಯಲ್ಲಿ ಎಲ್ಲರಿಗಿಂತ ಮುದುಕ, ಕೈಗಳನ್ನು ಬಿಗಿದು ಕಟ್ಟಿ ಮುದ್ರೆಯೊತ್ತಿದನು. ಹೆಬ್ಬಾಗಿಲಿನ ಬೀಗದ ಕೈ ದೇವಿಯ ಕೊರಳೇರಿತು.

ಆಗ ರೇಚರಸನು ಕೈ ಚಾಚಿ, “ಬೀಗದ ಕೈ ಇತ್ತ ಕೊಡಿ,” ಎಂದಾಗ ಊರಿಗೆ ಊರೇ ಅವನನ್ನು ಹುಚ್ಚನನ್ನು ನೋಡುವಂತೆ ನೋಡಿತು. ಸೋವಯ್ಯನು ವಿವರಿಸಿ ಹೇಳಿದ ಮೇಲೆ ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು.

ಮರುದಿನ ಮಧ್ಯಾಹ್ನದ ವರೆಗೆ ಅವನು ಬೆದರಿಸಿದನು, ಆಸೆ ತೋರಿಸಿದನು. ಬಾಗಿಲ ಕಾವಲಿನವರು ಕದಲಲಿಲ್ಲ. ಸೆಟ್ಟಿ ದ್ರೋಹಿಯೆಂದು ನಂಬಿದವನೂ ವ್ರತ ಮುರಿಯಲು ಒಪ್ಪಲಿಲ್ಲ. ಹೊರಗೆ ಕಾವದೇವನು ಬಾಗಿಲು ತೆರೆಯುವುದನ್ನು ಕಾದು ಕಾದು ಸಿಟ್ಟಿಗೆದ್ದು, ಸೆರೆ ಸಿಕ್ಕ ಹನ್ನೆರಡು ಮಂದಿ ನೇಕಾರರನ್ನು ಕೋಟೆಯೆದುರೇ ಆನೆಯ ಕಾಲಿಗೆ ಹಾಕಿಸಿದನು. ಸೂರ್ಯ ಇಳಿಯತೊಡಗಿದಾಗ ರೇಚರಸನಿಗೆ ಉಳಿದಿದ್ದುದು ಒಂದೇ ದಾರಿ. ದೇವಿಯ ಕೊರಳಿನಿಂದ ಬೀಗದ ಕೈ ಕಿತ್ತರೂ ಕಾವಲಿನವರು ಬಾಗಿಲು ಬಿಡರು, ಆದರೆ ಮುದ್ರೆ ಒಡೆದರೆ ವ್ರತವೇ ಮುಗಿಯುತ್ತದೆ.

ಅವನು ಐವತ್ತು ಕತ್ತಿಯಾಳುಗಳೊಡನೆ, ಮಾಚಿಸೆಟ್ಟಿಯನ್ನು ಮಲಗಿಸಿದ್ದ ಗುಡಿಗೆ ನುಗ್ಗಿದನು. ಮೆಟ್ಟಿಲ ಮೇಲೆ ಕಲ್ಲೋಜನು ಸುತ್ತಿಗೆ ಹಿಡಿದು ನಿಂತಿದ್ದನು. ಮೊದಲು ಬಂದವನ ತಲೆ ಒಡೆಯಿತು, ಎರಡನೆಯವನ ಮೊಣಕಾಲು ಪುಡಿಯಾಯಿತು. ಮೂರನೆಯವನ ಕತ್ತಿ ಕಮ್ಮಾರನ ಪಕ್ಕೆಯನ್ನು ಹೊಕ್ಕಿತು. ಕರುಳನ್ನು ಎಡಗೈಯಲ್ಲಿ ಒತ್ತಿ ಹಿಡಿದು ಅವನು ಇನ್ನೊಬ್ಬನನ್ನು ಕೆಡವಿ, ಮೆಟ್ಟಿಲ ಮೇಲೆಯೇ ಬಿದ್ದು ಪ್ರಾಣ ಬಿಟ್ಟನು.

ಮಾಚಿಸೆಟ್ಟಿಯು ಕಟ್ಟಿದ ಕೈಗಳನ್ನು ಹೊಟ್ಟೆಯಡಿ ಅವುಚಿಕೊಂಡು ನೆಲಕ್ಕೆ ಬೋರಲಾದನು. ಒದ್ದರು, ಕೂದಲು ಹಿಡಿದೆಳೆದರು, ಪಕ್ಕೆಲುಬು ಮುರಿದರು, ಅವನು ಹೊರಳಲಿಲ್ಲ. ಕೊನೆಗೆ ನಾಲ್ವರು ಕೂಡಿ ಅವನ ತೋಳುಗಳನ್ನು ಹೊರಗೆಳೆದಾಗ, ಸಿಟ್ಟಿನಿಂದ ಕಣ್ಣು ಕತ್ತಲೆಗಟ್ಟಿದ್ದ ರೇಚರಸನು ಗಂಟನ್ನು ಬಿಚ್ಚುವ ತಾಳ್ಮೆಯಿಲ್ಲದೆ ಕತ್ತಿಯನ್ನು ಎತ್ತಿ ಇಳಿಸಿದನು. ಒಂದು ಸಲಕ್ಕೆ ತುಂಡಾಗಲಿಲ್ಲ. ಎರಡನೆಯ ಸಲಕ್ಕೆ, ಮಣಿಕಟ್ಟಿನ ಮೇಲಿನಿಂದ ಎರಡೂ ಕೈಗಳು ಬಟ್ಟೆಯ ಗಂಟಿನ ಸಮೇತ ಕಲ್ಲುಹಾಸಿನ ಮೇಲೆ ಉರುಳಿದವು.

ಕಂಬದ ಮರೆಯಿಂದ ಧಾವಿಸಿ ಬಂದ ಲಚ್ಚಿಯಬ್ಬೆಯು ಗಂಡನತ್ತ ನೋಡಲಿಲ್ಲ. ಆ ಗಂಟನ್ನು ಬಾಚಿ ಸೆರಗಿನಲ್ಲಿ ಸುತ್ತಿ, ಗರ್ಭಗುಡಿಗೆ ನುಗ್ಗಿ, ದೇವಿಯ ಕಾಲನ್ನು ಅಪ್ಪಿಕೊಂಡು, ಹೊರಗಿನ ಬೀದಿಗೂ ಕೇಳುವಂತೆ ಕೂಗಿದಳು: “ಮುದ್ರೆ ಒಡೆದಿಲ್ಲ! ನೋಡಿ ಬನ್ನಿ, ಮುದ್ರೆ ಒಡೆದಿಲ್ಲ!”

ದಿವ್ಯದ ಕೈಯನ್ನು ಕಡಿದರೆಂಬ ಸುದ್ದಿ ಬೀದಿಯಿಂದ ಬೀದಿಗೆ ಹಾರಿತು. ಅಷ್ಟರವರೆಗೆ ಅನುಮಾನದಲ್ಲಿದ್ದ ಊರಿಗೆ ದ್ರೋಹಿ ಯಾರೆಂದು ಬಿಡಿಸಿ ಹೇಳಬೇಕಾಗಲಿಲ್ಲ. ಗಾಣದ ದಿಂಡು, ಒನಕೆ, ಮಚ್ಚು, ಬೀಸುವ ಕಲ್ಲು, ಕೈಗೆ ಸಿಕ್ಕಿದ್ದನ್ನು ಹಿಡಿದು ಜನ ಬಂದರು. ಸಭೆಯಲ್ಲಿ ಸೆಟ್ಟಿಗೆ ಕಲ್ಲೆಸೆದ ನೇಕಾರನೇ ಮುಂದಿದ್ದನು. ಕತ್ತಿಯಾಳುಗಳು ಮೂವತ್ತು ಜನರನ್ನು ಕೊಂದರು. ಮುನ್ನೂರು ಜನ ಅವರನ್ನು ತುಳಿದರು. ರೇಚರಸನನ್ನು ಗುಡಿಯ ಧ್ವಜಗಂಬಕ್ಕೆ ಒತ್ತಿ ಹಿಡಿದು ಒನಕೆಗಳಿಂದ ಜಜ್ಜಿದರು. ಅವನು ಸತ್ತ ಮೇಲೂ ಬಹಳ ಹೊತ್ತು ಯಾರೂ ನಿಲ್ಲಿಸಲಿಲ್ಲ.

ಸೋವಯ್ಯನು ಎಣ್ಣೆ ಕುದಿಸಿ ಸೆಟ್ಟಿಯ ಮೊಂಡುತೋಳುಗಳನ್ನು ಅದ್ದಿಸಿ ರಕ್ತ ನಿಲ್ಲಿಸಿದನು. ಆಗ ಮಾತ್ರ ಮಾಚಿಸೆಟ್ಟಿ ಚೀರಿದನು.

ಮೂರನೆಯ ಬೆಳಗ್ಗೆ ನದಿಯಾಚೆ ಧೂಳೆದ್ದಿತು. ಇರುಂಗದೇವನ ಸೈನ್ಯ ಕೆಳಪೇಟೆಯ ಬೂದಿಯ ಮೇಲೆ ತಮ್ಮನ ಸೈನ್ಯವನ್ನು ಎದುರಿಸಿತು. ನಡುಹಗಲಿನ ಹೊತ್ತಿಗೆ ಕೂಲಿಯಾಳುಗಳು ಚೆಲ್ಲಾಪಿಲ್ಲಿಯಾಗಿ ಓಡಿದರು. ಕಾವದೇವನು ಓಡುವಾಗ ಬೆನ್ನಿಗೆ ಬಾಣ ನೆಟ್ಟು ಬಿದ್ದನು. ವ್ರತವಿದ್ದುದರಿಂದ ಗೆದ್ದ ಅರಸನಿಗೂ ಹೆಬ್ಬಾಗಿಲು ತೆರೆಯಲಿಲ್ಲ. ಅವನನ್ನು ಹಗ್ಗದ ತೊಟ್ಟಿಲಲ್ಲಿ ಕೂರಿಸಿ ಕೋಟೆಯ ಮೇಲಿಂದ ಸೇದಿಕೊಂಡರು.

ಸಂಜೆ ಗುಡಿಯ ಅಂಗಳದಲ್ಲಿ ಇರುಂಗದೇವನು ಸೆಟ್ಟಿಯ ಬಳಿ ಮಂಡಿಯೂರಿದನು. “ಪಟ್ಟಣಸ್ವಾಮಿಗಳೆ, ಇನ್ನು ಆ ಗಂಟು ಬಿಚ್ಚುವುದು ಬೇಡ. ನಿಮ್ಮ ಶುದ್ಧಿಗೆ ಸಾಕ್ಷಿ ಬೇಕೆ? ಹಾಗೆಯೇ ಹೊಳೆಗೆ ಬಿಡೋಣ.”

“ಬಿಚ್ಚಬೇಕು ಪ್ರಭು,” ಎಂದನು ಮಾಚಿಸೆಟ್ಟಿ. ಜ್ವರದಿಂದ ಅವನ ತುಟಿ ಒಡೆದಿತ್ತು. “ಆ ಗಂಟಿನ ಮೇಲೆ ನಂಬಿಕೆಯಿಟ್ಟು ಊರು ಬಾಗಿಲು ಮುಚ್ಚಿತು, ಕಲ್ಲೋಜ ಸತ್ತ. ಈಗ ಅದನ್ನು ಮಕ್ಕಳಾಟ ಮಾಡಿದರೆ ನಾಳೆ ಯಾರು ಬಾಗಿಲು ಮುಚ್ಚುತ್ತಾರೆ? ಕಟ್ಟಳೆ ನಡೆಯಲಿ. ನನ್ನ ಮನೆಗೆ ಕತ್ತೆ ಹೂಡುವುದಾದರೆ ಹೂಡಲಿ.”

ಲಚ್ಚಿಯಬ್ಬೆ ಗಂಟನ್ನು ತಂದು ಮುಂದಿಟ್ಟಳು. ಸೋವಯ್ಯನು ಮುದ್ರೆ ಒಡೆದನು. ಬಟ್ಟೆಯ ಜೊತೆಗೇ ಚರ್ಮ ಎದ್ದುಬಂತು. ಅಂಗೈಗಳಲ್ಲಿ ಕುಳದ ಅಚ್ಚು ಕಪ್ಪಗೆ, ಎಲುಬಿನ ತನಕ ಇಳಿದಿತ್ತು.

ಮುದುಕನು ಬಹಳ ಹೊತ್ತು ನೋಡಿದನು. ಆಮೇಲೆ ದೇವಿಯತ್ತ ತಿರುಗಿ, “ಶುದ್ಧ,” ಎಂದನು.

“ಸೋವಯ್ಯ! ನಿನ್ನ ಕಣ್ಣು ಹೋಗಿದ್ದರೆ ಬೇರೆಯವರನ್ನು ಕರೆ,” ಎಂದು ಸೆಟ್ಟಿ ಗದರಿದನು. “ಅವ್ವನ ಮುಂದೆ ನನಗಾಗಿ ಸುಳ್ಳಾಡಬೇಡ.”

ಎರಡನೆಯ ಹಿರಿಯನು ಬಂದು ಬಗ್ಗಿ ನೋಡಿ, “ಶುದ್ಧ,” ಎಂದನು. ಮೂರನೆಯವನೂ ಎಂದನು. ಹೀಗೆ ಎಂಟು ಮಂದಿ ಎಂದರು. ಒಂಬತ್ತನೆಯದು ಕಮ್ಮಾರರ ಸರದಿ. ಕಲ್ಲೋಜನ ಬದಲು ಅವನ ಹೆಂಡತಿ ಮಾರವ್ವೆ ಬಂದಳು. ಬೆಳಗ್ಗೆಯಷ್ಟೇ ಕೋಟೆಯೊಳಗೇ ಗಂಡನ ಚಿತೆಗೆ ಬೆಂಕಿಯಿಟ್ಟವಳ ಸೀರೆಗೆ ಇನ್ನೂ ಬೂದಿ ಮೆತ್ತಿತ್ತು.

“ತಾಯಿ, ನೀನಾದರೂ ಇದ್ದದ್ದನ್ನು ಹೇಳು,” ಎಂದನು ಸೆಟ್ಟಿ.

ಅವಳು ಆ ಕೈಗಳನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. “ಕಮ್ಮಾರನ ಜೊತೆ ಮೂವತ್ತು ವರ್ಷ ಬಾಳಿದವಳು ನಾನು, ಸೆಟ್ಟಿಯವರೆ. ಇವತ್ತು ಬೆಳಗ್ಗೆ ಅವನನ್ನು ಸುಟ್ಟು ಬಂದೆ. ಸುಟ್ಟದ್ದು ಯಾವುದು, ಸುಡದ್ದು ಯಾವುದು ಎಂದು ನನಗೆ ನೀವು ಹೇಳಿಕೊಡಬೇಡಿ. ಇದು ಶುದ್ಧ.”

ಮಾಚಿಸೆಟ್ಟಿಗೆ ಅಳು ಒತ್ತರಿಸಿ ಬಂತು. ಕಣ್ಣೊರೆಸಿಕೊಳ್ಳಲು ತೋಳೆತ್ತಿದವನು ಹಾಗೆಯೇ ತಡೆದನು. ಲಚ್ಚಿಯಬ್ಬೆ ಪಕ್ಕದಲ್ಲಿ ಕುಳಿತು ತನ್ನ ಸೆರಗಿನಿಂದ ಅವನ ಮುಖ ಒರೆಸಿದಳು.