ಬಸ್ಸಕ್ಕನ ಕೊರಳು

ಗುರುವಾರ ಬೆಳಿಗ್ಗೆ ಹತ್ತೂಕಾಲಿಗೆ ಡಿಪೋ ಮ್ಯಾನೇಜರ್ ಲಿಖಿತ ದೂರು ಹಿಡಿದು ಠಾಣೆಗೆ ಬಂದರು. ಅವರ ಬೆನ್ನ ಹಿಂದೆಯೇ ಬಿಳಿ ಕೋಲಿನ ಒಬ್ಬ ಹಿರಿಯರು ಬಾಗಿಲ ಚೌಕಟ್ಟು ಸವರಿಕೊಂಡು ಒಳಗೆ ಬಂದು ನಿಂತರು. ದೂರಿನ ಸಾರಾಂಶ ಇಷ್ಟು: ನೀರಿನ ಟ್ಯಾಂಕ್ ಮಾರ್ಗದ ಬಸ್ಸುಗಳಲ್ಲಿ ನಿಲ್ದಾಣದ ಹೆಸರು ಕೂಗುವ ಸ್ಪೀಕರಿನ ತಂತಿಯನ್ನು ಯಾರೋ ಕತ್ತರಿಸುತ್ತಿದ್ದಾರೆ. ಒಂದನ್ನು ಸರಿಮಾಡಿಸುವಷ್ಟರಲ್ಲಿ ಇನ್ನೊಂದು ಬಸ್ಸು ಮೂಕವಾಗಿರುತ್ತದೆ.

"ಬೇರೆ ಮಾರ್ಗದಲ್ಲಿ?" ಇನ್‌ಸ್ಪೆಕ್ಟರ್ ಕೇಳಿದರು.

"ಒಂದೂ ಇಲ್ಲ ಸಾರ್."

"ಯಾರ ಮೇಲಾದ್ರೂ ಅನುಮಾನ?"

"ಪಡ್ಡೆ ಹುಡುಗರ ಕಿತಾಪತಿ ಇರ್ಬೇಕು."

ಇನ್‌ಸ್ಪೆಕ್ಟರಿಗೆ ಒಳಗೊಳಗೇ ಬೇಸರ. ಸರಗಳ್ಳತನದ ಕೇಸುಗಳೇ ತಲೆ ಮೇಲೆ ಕೂತಿರುವಾಗ ಈ ಸ್ಪೀಕರಿನ ಕೇಸು ಬೇರೆ! ದೂರನ್ನು ಹೆಡ್ ಕಾನ್‌ಸ್ಟೇಬಲ್ ಕಡೆ ತಳ್ಳಿ ಕೈತೊಳೆದುಕೊಳ್ಳೋಣವೆಂದು ಅವರು ನೋಡುತ್ತಿದ್ದಾಗ ಬಿಳಿ ಕೋಲು ನೆಲಕ್ಕೆ ಟಕ್ಕೆಂದು ಬಡಿಯಿತು.

"ಕಿತಾಪತಿಯಂತೆ, ಕಿತಾಪತಿ! ಮೊನ್ನೆ ನಾನು ಎಲ್ಲೋ ಇಳಿದು, ಎಲ್ಲಿದ್ದೀನಿ ಅಂತ ಕೇಳೋಕೂ ಒಂದು ನರಪಿಳ್ಳೆ ಸಿಗದೆ ಅರ್ಧ ದಿನ ಅಲೆದಿದ್ದೀನಿ ಸ್ವಾಮಿ. ಇವರಿಗೆ ತಂತಿ ಹೋಯ್ತು. ನನಗೆ ಹೋಗಿದ್ದು ಕಣ್ಣು."

ಅವರು ಅಂಧರ ತರಬೇತಿ ಕೇಂದ್ರದಲ್ಲಿ ಬೆತ್ತದ ಕುರ್ಚಿ ಹೆಣೆಯುವುದನ್ನು ಕಲಿಸುವವರು. ಊರೆಲ್ಲ ಅವರನ್ನು ಕುರ್ಚಿ ಮೇಷ್ಟ್ರು ಎನ್ನುತ್ತಿತ್ತು. ಬಸ್ಸಿನೊಳಗೆ ಕೂಗುವ ಆ ಹೆಣ್ಣುದನಿಗೂ ಜನ ಒಂದು ಹೆಸರಿಟ್ಟಿದ್ದರು: ಬಸ್ಸಕ್ಕ. ಇನ್‌ಸ್ಪೆಕ್ಟರ್ ದೂರನ್ನು ತಮ್ಮ ಮುಂದೆಯೇ ಇಟ್ಟುಕೊಂಡರು. ಸಾರ್ವಜನಿಕ ಆಸ್ತಿಗೆ ಹಾನಿ ಎಂದು ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಡಿಪೋದಲ್ಲಿ ಪಂಚನಾಮೆ. ಪಂಚರು ಒಬ್ಬ ಮೆಕ್ಯಾನಿಕ್, ಒಬ್ಬ ಕ್ಯಾಂಟೀನಿನವ. ಕೊನೆಯ ಸೀಟಿನ ಮೇಲಿನ ಮುಚ್ಚಳ ತೆಗೆಸಿ ನೋಡಿದರೆ ತಂತಿಯನ್ನು ನೀಟಾಗಿ ಕತ್ತರಿಸಲಾಗಿತ್ತು. ಅದಕ್ಕಿಂತ ಸೋಜಿಗವೆಂದರೆ, ಕತ್ತರಿಸಿದ ಎರಡು ತುದಿಗಳಿಗೂ ಬೇರೆಬೇರೆಯಾಗಿ ಬಿಳಿ ಪಟ್ಟಿ ಸುತ್ತಿತ್ತು. ಯಾರಿಗೂ ಶಾಕ್ ಹೊಡೆಯದಿರಲಿ ಎಂಬ ಮುತುವರ್ಜಿ! ಹಾಳು ಮಾಡುವವರಿಗೆ ಇಷ್ಟೊಂದು ಕಾಳಜಿ ಇರುವುದನ್ನು ಇನ್‌ಸ್ಪೆಕ್ಟರ್ ತಮ್ಮ ಸರ್ವಿಸಿನಲ್ಲೇ ಕಂಡಿರಲಿಲ್ಲ.

ಹೆಡ್ ಕಾನ್‌ಸ್ಟೇಬಲನ್ನು ಠಾಣೆಯವರೆಲ್ಲ ಮಾವ ಎಂದೇ ಕರೆಯುವುದು. ಹಿಂದಿನ ವಾರ ನಾಯಿ ಕಚ್ಚಿ ಅವರ ಮುಂಗೈಗೆ ಬ್ಯಾಂಡೇಜು ಬಿದ್ದಿತ್ತು. ಮಾವ ತಂತಿಯನ್ನೊಮ್ಮೆ, ತಮ್ಮ ಕೈಯನ್ನೊಮ್ಮೆ ನೋಡಿದರು.

"ಸಾರ್, ಇದು ಆಸ್ಪತ್ರೆ ಪ್ಲಾಸ್ಟರು. ನನ್ನ ಕೈ ಮೇಲಿರೋದೂ ಇದೇ."

"ಅಂತೂ ನಾಯಿ ಕಚ್ಚಿದ್ದು ಇಲಾಖೆಗೆ ಉಪಯೋಗಕ್ಕೆ ಬಂತು ಮಾವ."

"ನಗಿ ಸಾರ್, ನಗಿ. ಇಂಜೆಕ್ಷನ್ ಚುಚ್ಚಿಸ್ಕೊಂಡೋನು ನಾನು."

ಅದೇ ಸಂಜೆ ಕುರ್ಚಿ ಮೇಷ್ಟ್ರ ಹೇಳಿಕೆ ಪಡೆಯಲು ಇಬ್ಬರೂ ತರಬೇತಿ ಕೇಂದ್ರಕ್ಕೆ ಹೋದರು. ಬೆತ್ತ ನೆನೆಹಾಕಿದ ತೊಟ್ಟಿಯ ಪಕ್ಕ ಮೇಷ್ಟ್ರು ಕೂತಿದ್ದರು.

"ಸ್ಪೀಕರ್ ಕೆಟ್ಟ ದಿನವೆಲ್ಲ ದಾರಿ ತಪ್ಪಿದ್ರಾ?"

"ಇಲ್ಲ. ಕೆಲವು ದಿನ ಒಬ್ಬ ಹೆಣ್ಣುಮಗಳು ಕೈಹಿಡಿದು ಇಳಿಸಿದ್ಲು. ದೇವರಂಥೋಳು. ಅವಳಿಲ್ಲದ ದಿನ ನನ್ನ ಪಾಡು ನಾಯಿಪಾಡು."

"ಅವಳ ಗುರುತು?"

"ನನ್ನನ್ನ ಗುರುತು ಕೇಳ್ತೀರಲ್ಲ!" ಮೇಷ್ಟ್ರು ನಕ್ಕರು. "ಗಾಯ ತೊಳೆಯೋ ಸ್ಪಿರಿಟ್ ವಾಸನೆ. ಕೈ ಹಿಡಿದ್ರೆ ಬಿಡೋಕೇ ಮನಸ್ಸಿಲ್ಲದೋಳ ಥರ ಗಟ್ಟಿಯಾಗಿ ಹಿಡೀತಾಳೆ. ಒಂದು ದಿನ, 'ಒಬ್ಬರೇ ಯಾಕೆ ಬರ್ತೀರಾ, ಮನೇಲಿ ಯಾರೂ ಇಲ್ವಾ' ಅಂತ ಬೈದ್ಲು. ಬೈದವಳೇ ಅತ್ತುಬಿಟ್ಲು."

ಇನ್‌ಸ್ಪೆಕ್ಟರ್ ಪೆನ್ನು ಮುಚ್ಚಿದರು. ಹೊರಗೆ ಬಂದವರೇ ಕೇಳಿದರು: "ಮಾವ, ಈ ಮಾರ್ಗದಲ್ಲಿ ಕಣ್ಣು ಕಾಣದವರಿಗೆ ಏನಾದ್ರೂ ಆಗಿತ್ತಾ?"

ಮಾವನಿಗೆ ತಟ್ಟನೆ ನೆನಪಾಯಿತು. ಎರಡು ತಿಂಗಳ ಹಿಂದೆ ನೀರಿನ ಟ್ಯಾಂಕ್ ಸಿಗ್ನಲ್ಲಿನಲ್ಲಿ ಒಬ್ಬ ಹುಡುಗಿ ನಡುರಸ್ತೆಯಲ್ಲೇ ಬಸ್ಸಿಳಿದು ಲಾರಿಗೆ ಸಿಕ್ಕಿದ್ದಳು. ಕಣ್ಣು ಕಾಣುತ್ತಿರಲಿಲ್ಲ. ಮೃತಳ ಸ್ವಂತ ಅಜಾಗರೂಕತೆ ಎಂದು ಸಂಚಾರ ಠಾಣೆಯವರು ಷರಾ ಬರೆದು ಮುಗಿಸಿದ್ದರು. ಶುಕ್ರವಾರ ಆ ಕಡತ ತರಿಸಿದರು. ಶವ ಪಡೆದವರು: ಅಕ್ಕ. ಉದ್ಯೋಗ: ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಕೆಲಸ. ತಂದೆತಾಯಿ ಇಲ್ಲ.

ಸ್ವಂತ ಅಜಾಗರೂಕತೆಯಂತೆ! ಕಣ್ಣಿಲ್ಲದ ಹುಡುಗಿ ಬೇಕೆಂದೇ ನಡುರಸ್ತೆಯಲ್ಲಿ ಇಳಿಯುತ್ತಾಳೆಯೇ? ಇನ್‌ಸ್ಪೆಕ್ಟರ್ ಆ ಮಾರ್ಗದ ಒಬ್ಬ ಡ್ರೈವರನ್ನು ಕರೆಸಿದರು.

"ಹೆಸರು ತಾನಾಗೇ ಕೂಗುತ್ತಾ?"

"ನಾವು ಬಟನ್ ಒತ್ತಿದ್ರೆ ಕೂಗುತ್ತೆ ಸಾರ್."

"ನೀರಿನ ಟ್ಯಾಂಕಿಗೆ ಎಲ್ಲಿ ಒತ್ತುತ್ತೀಯ?"

"ಸ್ಟಾಪಲ್ಲೇ ಒತ್ತಬೇಕು. ಆದ್ರೆ ಅದಕ್ಕೂ ಮುಂಚೆ ಸಿಗ್ನಲ್ ಬರುತ್ತಲ್ಲ, ಅಲ್ಲೇ ಒತ್ತಿಬಿಡ್ತೀವಿ. ಜನ ಎದ್ದು ಬಾಗಿಲಿಗೆ ಬಂದಿರ್ತಾರೆ, ಟೈಮ್ ಉಳಿಯುತ್ತೆ. ಲೇಟಾದ್ರೆ ಮೆಮೊ ಕೊಡ್ತಾರೆ ಸಾರ್."

"ಸಿಗ್ನಲ್ಲಲ್ಲಿ ಬಾಗಿಲು?"

"ಅವಸರದೋರು ಬಡೀತಾರೆ. ತೆಗೀತೀವಿ."

"ಕಣ್ಣು ಕಾಣದೋರು ಏನು ಮಾಡಬೇಕು?"

"ಅವರಿಗೂ ಗೊತ್ತು ಸಾರ್. ಎಲ್ಲರಿಗೂ ಗೊತ್ತಿರೋದೇ."

"ಆ ಹುಡುಗಿ ಇಳಿದಿದ್ದು ನಿನ್ನ ಬಸ್ಸಿಂದಾನಾ?"

"ನಂದಲ್ಲ." ಅವನು ತಲೆ ತಗ್ಗಿಸಿದ. "ನಂದಾಗಿದ್ರೂ ಅಲ್ಲೇ ಒತ್ತಿರ್ತಿದ್ದೆ."

ಇನ್‌ಸ್ಪೆಕ್ಟರ್ ಅವನನ್ನು ಕಳುಹಿಸಿಬಿಟ್ಟರು. ನಿಜ ಹೇಳಿದವನನ್ನು ಏನೆಂದು ಬೈಯುವುದು?

ಶನಿವಾರ ಬೆಳಿಗ್ಗೆ ಎಂಟಕ್ಕೆ ಇನ್‌ಸ್ಪೆಕ್ಟರ್ ಮಫ್ತಿಯಲ್ಲಿ, ಮೇಷ್ಟ್ರು ದಿನಾ ಬರುವ ಬಸ್ಸು ಹತ್ತಿದರು. ಜೊತೆಗೆ ಒಬ್ಬ ಮಹಿಳಾ ಕಾನ್‌ಸ್ಟೇಬಲ್. ಮಾವ ಜೀಪಿನಲ್ಲಿ ಹಿಂದೆ. ಕೊನೆಯ ಸೀಟಿನ ಮೂಲೆಯಲ್ಲಿ ಮೂವತ್ತರ ಆಸುಪಾಸಿನ ಒಬ್ಬಳು ಬಂದು ಕೂತಳು. ಅತ್ತಿತ್ತ ನೋಡಿ, ಸೀಟಿನ ಮೇಲೆ ಮಂಡಿಯೂರಿ, ಮುಚ್ಚಳ ಸರಿಸಿದಳು. ಚೀಲದಿಂದ ಬ್ಯಾಂಡೇಜು ಕತ್ತರಿಸುವ ಕತ್ತರಿ ಹೊರಬಂತು. ಕಚಕ್. ಆಮೇಲೆ ಎರಡು ತುದಿಗೂ ಪ್ಲಾಸ್ಟರು ಸುತ್ತಿ, ಮಗುವಿನ ಬೆರಳಿನ ಗಾಯಕ್ಕೆ ಸುತ್ತುವಷ್ಟೇ ಮೆಲ್ಲಗೆ ಒತ್ತಿದಳು.

ಕಾನ್‌ಸ್ಟೇಬಲ್ ಏಳಹೋದಳು. ಇನ್‌ಸ್ಪೆಕ್ಟರ್ ಕಣ್ಸನ್ನೆಯಲ್ಲೇ ತಡೆದರು. ಮುಂದಿನ ನಿಲ್ದಾಣದಲ್ಲಿ ಕುರ್ಚಿ ಮೇಷ್ಟ್ರು ಹತ್ತಿದರು. ಅವಳು ಎದ್ದುಹೋಗಿ ಅವರ ಕೈ ಹಿಡಿದಳು. ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ ಆ ಕೈಯನ್ನು ಎರಡೂ ಕೈಯಲ್ಲಿ ಅವಚಿಕೊಂಡಳು. ನೀರಿನ ಟ್ಯಾಂಕ್ ಬಂತು. ಅವಳು ಮೇಷ್ಟ್ರನ್ನು ಫುಟ್‌ಪಾತಿಗೆ ಮುಟ್ಟಿಸುವವರೆಗೂ ಕಾದು, ಇನ್‌ಸ್ಪೆಕ್ಟರ್ ಎದುರು ಬಂದು ನಿಂತರು.

"ನಾವು ಪೊಲೀಸಿನವರಮ್ಮ. ಆ ಚೀಲ ಕೊಡಿ."

ಅವಳು ಕೊಟ್ಟಳು. ಮೇಷ್ಟ್ರು ಗಕ್ಕನೆ ಕೈ ಬಿಡಿಸಿಕೊಂಡರು.

"ತಂತಿ ಕತ್ತರಿಸ್ತಿದ್ದೋಳು ನೀನೇನಮ್ಮಾ? ಕಾಡಿಗೆ ಬಿಟ್ಟೋಳೂ ನೀನೇ, ಕೈ ಹಿಡಿದೋಳೂ ನೀನೇ?"

"ಅದು ಸುಳ್ಳು ಹೇಳುತ್ತೆ ಮೇಷ್ಟ್ರೇ! ನನ್ನ ತಂಗಿಗೂ ಸುಳ್ಳೇ ಹೇಳ್ತು. ಸ್ಟಾಪ್ ಬಂತು ಅಂತು, ಪಾಪದ್ದು ನಂಬಿ ಇಳೀತು. ಎಷ್ಟು ಸಲ ಡಿಪೋಗೆ ಹೋಗಿ ಹೇಳಿದೆ, ಕೇಳಿದ್ರಾ ಯಾರಾದ್ರೂ? ನಿಮ್ಮಂಥೋರು ಯಾರೂ ಇನ್ನು ಅದನ್ನ ನಂಬಬಾರ್ದು."

"ಸುಳ್ಳಲ್ಲಮ್ಮ, ಮುಂಚೆ ಹೇಳುತ್ತೆ ಅಷ್ಟೇ." ಮೇಷ್ಟ್ರ ದನಿ ಇಳಿಯಿತು. "ಅದು ಕೂಗೋವಾಗ ನಿಂತಿದ್ರೆ ಸಿಗ್ನಲ್ಲು, ಅದಾದ ಮೇಲೆ ನಿಂತ್ರೆ ಸ್ಟಾಪು. ನಾವು ಹಾಗೇ ಇಳಿಯೋದು. ನಮಗೆಲ್ಲ ಗೊತ್ತು."

ಅವಳು ಬೆಪ್ಪಾಗಿ ನಿಂತಳು. "ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತಮ್ಮ."

"ಅವಳು ನಿಮ್ಮ ಹತ್ರಾನೇ ಕುರ್ಚಿ ಹೆಣೆಯೋದು ಕಲೀತಿದ್ಲು. ಬಂದು ನಾಲ್ಕು ದಿನ ಆಗಿತ್ತು."

ಮೇಷ್ಟ್ರು ಕೋಲಿನ ಮೇಲೆ ಭಾರ ಬಿಟ್ಟರು.

"ಆ ಮಗೂನಾ? ಕೇಂದ್ರಕ್ಕೆ ಬರೋದು ಬಿಡ್ತು ಅಂತಿದ್ದೆ. ನಗ್ತಾ ಇರ್ತಿತ್ತು... ಬೆತ್ತ ಬಿಗಿಯೋದು ಹೇಳಿಕೊಟ್ಟೆ. ಇದನ್ನ ಹೇಳಲಿಲ್ಲ. ಗೊತ್ತಿರುತ್ತೆ ಅಂದ್ಕೊಂಡೆ ತಾಯಿ."

ಅವಳು ಅಲ್ಲೇ ಫುಟ್‌ಪಾತಿನ ಮೇಲೆ ಕೂತುಬಿಟ್ಟಳು. ಕತ್ತರಿ, ಪ್ಲಾಸ್ಟರ್ ಸುರುಳಿ ಜಪ್ತಿಯಾದವು. ಬಂಧನದ ಸಮಯ ಎಂಟು ಐವತ್ತು.

ಠಾಣೆಯಲ್ಲಿ ಅವಳು ಯಾವುದನ್ನೂ ಅಲ್ಲಗಳೆಯಲಿಲ್ಲ.

"ಅವಳು ಎಲ್ಲಿಗೆ ಹೋದ್ರೂ ಜೊತೆಗೆ ನಾನೇ ಸಾರ್. ಅವಳ ಕೈ ಬಿಟ್ಟು ಒಂದು ದಿನ ನಡೆದಿರಲಿಲ್ಲ. ನನಗೆ ಈ ಆಸ್ಪತ್ರೆ ಕೆಲಸ ಸಿಕ್ತು, ಜೊತೆಗೆ ಹೋಗೋಕಾಗ್ಲಿಲ್ಲ. 'ಬಸ್ಸಕ್ಕ ಇದ್ದಾಳಲ್ಲೇ, ಇನ್ಮೇಲೆ ಅವಳೇ ನಿನಗೆ ಅಕ್ಕ' ಅಂದೆ. ತಮಾಷೆಗೆ ಅಂದಿದ್ದು. ಅವಳೂ ನಕ್ಕಳು. ಒಂದೇ ಒಂದು ದಿನ ನಾನು ಜೊತೆಗೆ ಆ ಬಸ್ಸಲ್ಲಿ ಹೋಗಿದ್ರೆ ನನಗೇ ಗೊತ್ತಾಗ್ತಿತ್ತಲ್ಲ ಸಾರ್, ಅದು ಎಲ್ಲಿ ಕೂಗುತ್ತೆ ಅಂತ?"

ಇನ್‌ಸ್ಪೆಕ್ಟರ್ ಸಂಚಾರ ಠಾಣೆಗೆ ಫೋನು ಮಾಡಿದರು. ಮುಗಿದ ಕೇಸು ಯಾಕೆ ಕೆದಕುತ್ತೀರಿ ಎಂದರು ಅಲ್ಲಿಯವರು. ಡಿಪೋ ಮ್ಯಾನೇಜರಿಗೆ ಮಾಡಿದರು. ಬಟನ್ ಒತ್ತುವುದು ಡ್ರೈವರ್ ಜವಾಬ್ದಾರಿ, ತಮಗೆ ಬೇಕಾದ್ದು ಸ್ಪೀಕರಿನ ನಷ್ಟಭರ್ತಿ ಎಂದರು ಅವರು. ಲಾರಿಯವನದು ತಪ್ಪಿಲ್ಲ, ಡ್ರೈವರನದು ಅಭ್ಯಾಸ, ಮೇಷ್ಟ್ರದು ಊಹೆ. ಹಿಡಿದು ಕೋರ್ಟಿಗೆ ಒಯ್ಯುವಂಥ ಅಪರಾಧ ಮಾಡಿದವಳು ಇವಳೊಬ್ಬಳೇ! ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶ ಬರೆಯುವ ಕಡೆ ಅವರು ದ್ವೇಷ ಎಂದು ಬರೆದು, ಹೊಡೆದುಹಾಕಿ, 'ತಂಗಿಯನ್ನು ಒಬ್ಬಳೇ ಕಳುಹಿಸಿದ ಸಂಕಟ' ಎಂದು ಬರೆದರು.

ಮಧ್ಯಾಹ್ನ ಅವಳನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕಿತ್ತು. ಕೋರ್ಟಿಗೆ ದಾರಿ ನೀರಿನ ಟ್ಯಾಂಕ್ ಸಿಗ್ನಲ್ಲಿನ ಮೇಲೆಯೇ. ಕೆಂಪು ದೀಪಕ್ಕೆ ಮಾವ ಜೀಪು ನಿಲ್ಲಿಸಿದರು. ಪಕ್ಕದಲ್ಲೇ ಒಂದು ಬಸ್ಸು ಬಂದು ನಿಂತಿತು. ಸ್ಪೀಕರು ಸರಿಯಾಗಿತ್ತು.

"ನೀರಿನ ಟ್ಯಾಂಕ್ ನಿಲ್ದಾಣ. ಇಳಿಯುವವರು ದಯವಿಟ್ಟು ಇಳಿಯಿರಿ."

ಬಾಗಿಲು ತೆರೆಯಿತು. ಜೀಪಿನ ಹಿಂದಿನ ಸೀಟಿನಲ್ಲಿದ್ದವಳು ಮಹಿಳಾ ಕಾನ್‌ಸ್ಟೇಬಲ್ ಹಿಡಿತದಿಂದ ಕೊಸರಿಕೊಂಡು ಎದ್ದಳು. ತಲೆ ಮೇಲ್ಛಾವಣಿಗೆ ಬಡಿಯಿತು.

"ಇಳೀಬೇಡಿ! ಇನ್ನೂ ಬಂದಿಲ್ಲ! ಇದು ಸಿಗ್ನಲ್ಲು, ಇಳೀಬೇಡಿ!"

ಬಸ್ಸಿನ ಕಿಟಕಿಗಳಲ್ಲಿ ಮುಖಗಳು ತಿರುಗಿದವು. ಯಾರೋ ನಕ್ಕರು. ಕಿಟಕಿ ಪಕ್ಕದ ಹೆಂಗಸೊಬ್ಬಳು ಮಾತ್ರ ಅಯ್ಯೋ ಪಾಪವೆನಿಸಿ ಹೊರಗೆ ಬಗ್ಗಿ ಹೇಳಿದಳು:

"ಗೊತ್ತು ಕಣಮ್ಮ. ಎಲ್ಲರಿಗೂ ಗೊತ್ತು."

ಹಸಿರು ದೀಪ ಬಿತ್ತು. ಮಾವ ಜೀಪು ಮುಂದಕ್ಕೆ ಬಿಟ್ಟರು.