ಹದಿನೇಳನೇ ತಾರೀಖಿನ ಸುದ್ದಿ

"ಆ ತಾರೀಖಿನ ಸುದ್ದಿ ನೀನು ಬರೆಯೋ ಹಾಗಿಲ್ಲ! ಬರೆದ್ಯೋ, ಈ ಮನೇಲಿ ನಾನಿರಬೇಕು, ಇಲ್ಲ ನೀನಿರಬೇಕು!"

ಅತ್ತೆಯ ಕೈಯಲ್ಲಿದ್ದ ಲೋಟ ಠಣ್ ಎಂದು ನೆಲಕ್ಕೆ ಬಿತ್ತು. ಸೊಸೆ ಬೆಪ್ಪಾಗಿ ನಿಂತಳು. ತಾನು ಕೇಳಿದ್ದಾದರೂ ಏನು? ಪತ್ರಿಕೆಯಲ್ಲಿ 'ಇದೇ ದಿನ' ಎಂಬ ಪುಟ್ಟ ಅಂಕಣ ಅವಳದು. ಯಾವ ರಾಜ ಪಟ್ಟವೇರಿದ, ಯಾವ ಹಡಗು ಮುಳುಗಿತು, ಯಾವ ಪುಣ್ಯಾತ್ಮ ಏನು ಕಂಡುಹಿಡಿದ ಎಂದು ಹಳೆಯ ಸಂಪುಟಗಳನ್ನು ಕೆದಕಿ ದಿನಕ್ಕೆ ಐದು ಸಾಲು ಬರೆಯಬೇಕು. ಅತ್ತೆ ಒಂದು ದಿನವೂ ತಪ್ಪದೆ ಅದನ್ನು ಓದಿ, "ಗೋರಿ ಕೆದಕೋದೂ ಒಂದು ಕೆಲಸವೇ?" ಎಂದು ಚುಚ್ಚುತ್ತಿದ್ದರು. ಮುಂದಿನ ಹದಿನೇಳಕ್ಕೆ ನಮ್ಮ ಸೀಮೆಯದೇ ಸುದ್ದಿ ಬೇಕೆಂದು ಸಂಪಾದಕರು ಹೇಳಿದ್ದರಿಂದ, "ನಿಮಗೇನಾದ್ರೂ ನೆನಪಿದ್ಯಾ ಅತ್ತೆ?" ಎಂದಿದ್ದಳು. ಅಷ್ಟೇ!

ಬೇಡ ಎಂದದ್ದನ್ನು ತಿಳಿಯುವ ತನಕ ಅನ್ನ ಸೇರದ ಜೀವ ಅವಳದು. ಮಧ್ಯಾಹ್ನವೇ ಕಚೇರಿಯ ಗ್ರಂಥಾಲಯದಲ್ಲಿ ಹದಿನೇಳನೇ ತಾರೀಖಿನ ಮರುದಿನದ ಪತ್ರಿಕೆಗಳನ್ನು ವರ್ಷ ವರ್ಷವಾಗಿ ಇಳಿಸಿದಳು. ನಲವತ್ತೊಂದು ವರ್ಷ ಹಿಂದಿನ ಸಂಪುಟದಲ್ಲಿ ಅವಳ ಬೆರಳು ನಿಂತುಹೋಯಿತು. ನದಿಯಲ್ಲಿ ಲಾಂಚು ಮುಳುಗಿ ಇಪ್ಪತ್ತಮೂರು ಸಾವು. ಚಾಲಕ ಕುಡಿದಿದ್ದನೆಂದು ದಪ್ಪಕ್ಷರದ ತಲೆಬರಹ. ಕೆಳಗೆ ಅವನ ಫೋಟೋ... ಅದೇ ಮೂಗು, ಅದೇ ಒರಟು ಹುಬ್ಬು, ತನ್ನ ಗಂಡನದೇ ಅಚ್ಚು! ಹೆಸರೂ ಗಂಡನ ಶಾಲಾ ಪತ್ರದಲ್ಲಿದ್ದ ತಂದೆಯ ಹೆಸರೇ. ಅಪ್ಪ ಜ್ವರ ಬಂದು ತೀರಿಕೊಂಡರೆಂದು ನಂಬಿಕೊಂಡೇ ಬೆಳೆದಿದ್ದ ಅವನು.

ಅವಳು ಸಂಪುಟ ಮುಚ್ಚಲಿಲ್ಲ. ಆಮೇಲೇನಾಯಿತು? ವಿಚಾರಣೆ ನಡೆದಿರಬೇಕಲ್ಲ? ಮೂರು ದಿನ ಹುಡುಕಿದಳು. ದುರಂತ ನಡೆದ ಹದಿನಾಲ್ಕು ತಿಂಗಳ ನಂತರದ ಒಂದು ಏಳನೇ ಪುಟದಲ್ಲಿ, ಜಾಹೀರಾತಿನ ಪಕ್ಕ, ನಾಲ್ಕೇ ನಾಲ್ಕು ಸಾಲು ಸಿಕ್ಕಿತು.

ಮನೆಗೆ ಬಂದಾಗ ಅತ್ತೆ ಒಣಗಿದ ಬಟ್ಟೆ ಮಡಿಸುತ್ತಿದ್ದರು. ಗಂಡ ಕಿಟಕಿಯ ಬಳಿ ಗಡಿಯಾರ ಬಿಚ್ಚಿಕೊಂಡು ಕೂತಿದ್ದ. ರಿಪೇರಿಯೇ ಅವನ ಕಸುಬು.

"ಅತ್ತೆ, ಲಾಂಚಿನ ವಿಷಯ ಗೊತ್ತಾಯ್ತು."

ಅತ್ತೆಯ ಮುಖ ಬಿಳುಚಿತು. "ಅವನೆದುರಿಗೇ ಹೇಳಿಬಿಟ್ಯಾ! ಯಾವತ್ತು ನೀನದನ್ನ ಬರೀತೀಯೋ ಅಂತ ದಿನಾ ಜೀವ ಕೈಲಿ ಹಿಡ್ಕೊಂಡು ಓದ್ತಿದ್ದೆ ಕಣೇ... ಕುಡುಕನ ಹೆಂಡ್ತಿ ಅಂತ ಕಲ್ಲು ಹೊಡೆದ್ರು. ವಾರದೊಳಗೆ ಈ ಕೂಸನ್ನ ಎತ್ಕೊಂಡು ಊರು ಬಿಟ್ಟೆ. ಇಪ್ಪತ್ತಮೂರು ಜನರ ಶಾಪ ನನ್ನ ಮಗನಿಗೆ ತಟ್ಟದಿರಲಿ ಅಂತ..."

"ಅವರು ಕುಡಿದಿರ್ಲಿಲ್ಲ ಅತ್ತೆ!"

ಸೊಸೆ ನಕಲು ಮಾಡಿಕೊಂಡಿದ್ದ ಚೀಟಿಯನ್ನು ಬಿಡಿಸಿ ಓದಿದಳು: "ಲಾಂಚಿನ ತಳದ ಹಲಗೆ ಮೊದಲೇ ಕೊಳೆತಿತ್ತೆಂದು ವಿಚಾರಣೆಯಲ್ಲಿ ತಿಳಿದುಬಂದಿದೆ. ಚಾಲಕ ಮದ್ಯ ಸೇವಿಸಿರಲಿಲ್ಲ. ಒಂಬತ್ತು ಮಂದಿಯನ್ನು ದಡ ಮುಟ್ಟಿಸಿದ ಅವರು, ಹತ್ತನೆಯವರಿಗಾಗಿ ಮತ್ತೆ ನೀರಿಗಿಳಿದು ಮುಳುಗಿದರು."

ಅತ್ತೆ ಚೀಟಿಯನ್ನು ಕಿತ್ತುಕೊಂಡರು. ಓದಿದರು, ಮತ್ತೆ ಓದಿದರು. ಮಡಿಸಿಟ್ಟ ಬಟ್ಟೆಯ ಮೇಲೆಯೇ ಕುಸಿದರು. "ಅಯ್ಯೋ... ನಲವತ್ತೊಂದು ವರ್ಷ ಅವರನ್ನ ಬೈದ್ನಲ್ಲೇ! ನಮ್ಮನ್ನ ನಡುನೀರಲ್ಲಿ ಕೈಬಿಟ್ರಿ ಅಂತ ದಿನಾ ಬೈದೆ... ಒಂದು ಸಲವೂ ಅವರಿಗೋಸ್ಕರ ಅಳಲಿಲ್ಲ ನಾನು!"

ಸೊಸೆ ಪಕ್ಕದಲ್ಲಿ ಕೂತು ಅವರನ್ನು ತಬ್ಬಿಕೊಂಡಳು. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಆ ಮೈ ಅವಳನ್ನು ದೂರ ತಳ್ಳಲಿಲ್ಲ.

"ನೀವು ಬೇಡ ಅಂದ್ರೆ ಬರೆಯಲ್ಲ ಅತ್ತೆ."

"ಬರಿ!" ಅತ್ತೆ ಕಣ್ಣೊರೆಸಿಕೊಂಡರು. "ಹೆಸರು ಹಾಕಿ ಬರಿ. ಆ ಇಪ್ಪತ್ತಮೂರು ಜನರದ್ದೂ ಹಾಕು. ಅವರ ಮನೆಯೋರಿಗೂ ಗೊತ್ತಾಗ್ಲಿ."

"ನಮ್ಮ ಪತ್ರಿಕೆಯ ತಪ್ಪನ್ನ ನಾವೇ ಎತ್ತಿ ತೋರಿಸಬೇಕೇನಮ್ಮಾ?" ಎಂದು ಸಂಪಾದಕರು ಗೊಣಗಿದರು. ಏಳನೇ ಪುಟವನ್ನು ಕಣ್ಣಾರೆ ಕಂಡ ಮೇಲೆ ತೆಪ್ಪಗಾದರು. ಹದಿನೇಳರಂದು ಅಂಕಣ ಐದು ಸಾಲಿನ ಅಳತೆ ಮೀರಿ ಅರ್ಧ ಪುಟ ಬೆಳೆದಿತ್ತು.

ಅಂದು ಬೆಳಿಗ್ಗೆ ಅತ್ತೆ ಅದನ್ನು ಗಟ್ಟಿಯಾಗಿ ಓದಿ ಮುಗಿಸಿದರು. ಆಮೇಲೆ ಮಗ, ನಲವತ್ತೆರಡು ವರ್ಷದ ಗಂಡಸು, ಮೆಲ್ಲಗೆ ಕೇಳಿದ:

"ಅಮ್ಮಾ... ಅಪ್ಪ ಹೇಗಿದ್ರು?"

ಸೊಸೆಯೂ ಹತ್ತಿರ ಸರಿದು ಕೂತಳು. ಅತ್ತೆ ಪತ್ರಿಕೆಯನ್ನು ಮಡಿಸಿ ಮಡಿಲಲ್ಲಿಟ್ಟುಕೊಂಡರು.

"ವಿಪರೀತ ಮಾತಾಡೋರು," ಎಂದರು. ಆ ಮುಖದಲ್ಲಿ ನಗು ಮೂಡಿತು. "ಸುಮ್ನಿರಿ ಅಂದ್ರೆ ಇನ್ನೂ ಜಾಸ್ತಿ ಮಾತಾಡೋರು..."