ಗಂಟೆಗೂ ಏಳದ ನಿದ್ದೆ

ಹೊತ್ತು ಆಗತಾನೇ ಹುಟ್ಟಿತ್ತು. ಬಟ್ಟೆಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಚಿಕ್ಕಸಿದ್ದಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು. ಎದುರಿಗೆ ಗಂಡ ಸಣ್ಣಬೀರಯ್ಯ. ಕಣ್ಣು ಕೆಂಡ, ಮೈಯೆಲ್ಲ ಹೊಗೆ ವಾಸನೆ.

ಅವಳು ಬಿಟ್ಟ ಬಿಸಿಯುಸಿರಿಗೆ ಲಕ್ಷ್ಮಣತೀರ್ಥ ಹೊಳೆ ಒಂದು ಮೊಳ ಹಿಂದಕ್ಕೆ ಸರಿಯಿತು. ನಂಬದವರು ಹನಗೋಡಿಗೆ ಬಂದು ಅಳೆದು ನೋಡಲಿ!

"ಯಾರವಳು?"

"ಯಾವಳು?"

"ರಾತ್ರಿಯೆಲ್ಲ ನಿಮ್ಮನ್ನ ಕಾಯ್ಕೊಂಡಿರೋಳು. ಎರಡು ತಿಂಗ್ಳಿಂದ ನಿಮ್ ಚಾಪೆ ತಣ್ಣಗದೆ. ನಾನೇನು ಕುರುಡಿಯಾ?"

ಅವನು ಹೆಗಲ ಮೇಲಿನ ಬೂದಿ ಕೊಡವಿಕೊಂಡ. 'ಸುಳ್ಳಾದರೂ ಹೇಳಬಾರದೆ...' ಅಂದುಕೊಂಡಳು ಅವಳು.

ಎರಡು ತಿಂಗಳ ಹಿಂದೆ ಒಂದೂವರೆ ವರ್ಷದ ಮಗಳು ಜ್ವರದಲ್ಲಿ ಹೋಗಿದ್ದಳು. ಅಂದಿನಿಂದ ಆ ಮನೆಯಲ್ಲಿ ಮುದ್ದೆ ಬೇಯುತ್ತಿತ್ತು, ಮಾತು ಮಾತ್ರ ಇರಲಿಲ್ಲ. ಗಂಡ ಎದ್ದು ಹೋಗುವುದನ್ನು ಹಿಡಿಯಬೇಕೆಂದು ಅವಳು ದಿನಾ ಕಾಯುವಳು. ಆದರೆ ಅದೆಂಥ ನಿದ್ದೆ! ಕುಂಭಕರ್ಣನೇ ಬಂದು ಪಾಠ ಹೇಳಿಸಿಕೊಳ್ಳಬೇಕು. ಕಡೆಗೆ ನಿನ್ನೆ ಎತ್ತಿನ ಗಂಟೆಗಳನ್ನು ಬಿಚ್ಚಿ ಬಾಗಿಲ ಚಿಲಕಕ್ಕೆ ಕಟ್ಟಿ ಮಲಗಿದ್ದಳು. ಬೆಳಗ್ಗೆ ಎದ್ದರೆ ಬಾಗಿಲು ತೆರೆದಿತ್ತು, ಗಂಡನಿರಲಿಲ್ಲ. ತವರು ಮಿರ್ಲೆಗೆ ಹೊರಟುನಿಂತಿದ್ದಳು.

ಅಷ್ಟರಲ್ಲಿ ಎದುರುಮನೆ ಕುಳ್ಳಯ್ಯ ಕೆಮ್ಮುತ್ತ ಬಂದ.

"ಏನವ್ವಾ, ರಾತ್ರಿ ಅದ್ಯಾವ ದೇವ್ರಿಗೆ ಗಂಟೆ ಹೊಡ್ದಿದ್ದು? ನಮ್ ಕಿವುಡಜ್ಜಿನೂ ಎದ್ದು ಕೈಮುಗುದ್ಲು ಕಣವ್ವ."

"ಗಂಟೆ... ಬಡೀತಾ?"

"ಬಡೀತಾ ಅಂತೀಯಲ್ಲ. ಹೊಳೆ ಆಚೆ ನಾಯಿಗಳು ಇನ್ನೂ ಮಲಗಿಲ್ಲ." ಕುಳ್ಳಯ್ಯ ಬೀರಯ್ಯನ ಕಡೆ ತಿರುಗಿದ. "ನೀನ್ ಹೋಗಿ ಮಲಿಕ್ಕಳ್ಲಾ. ಎರಡು ತಿಂಗ್ಳಿಂದ ರಾತ್ರಿಯೆಲ್ಲ ನಮ್ ಹೊಗೆಸೊಪ್ಪು ಬೇಯ್ಸೋ ಬ್ಯಾರನ್ ಗೂಡಿನ ಬೆಂಕಿ ನೀನೇ ಕಾಯ್ತಿದ್ದೀಯ. ಹಿಂಗೇ ಆದ್ರೆ ಸೊಪ್ಪಿಗಿಂತ ಮೊದ್ಲು ನೀನೇ ಬೆಂದೋಯ್ತೀಯ."

ಕುಳ್ಳಯ್ಯ ಹೋದ. ಚಿಕ್ಕಸಿದ್ದಮ್ಮ ಗಂಟು ಕೆಳಗಿಟ್ಟು ಹೊಸ್ತಿಲ ಮೇಲೆ ಕುಳಿತಳು.

"ನಂಗ್ಯಾಕೆ ಹೇಳ್ಲಿಲ್ಲ?"

"ಯಾರಿಗೆ ಹೇಳ್ಲಿ? ಮಗೀನ ಮಣ್ಣು ಮಾಡ್ ಬಂದ ರಾತ್ರಿನೂ ಕಲ್ಲಿನಂಗೆ ಮಲಗಿದ್ದೆ ನೀನು. ನಂಗೆ ಅವತ್ತಿಂದ ರೆಪ್ಪೆ ಕೂಡಿಲ್ಲ. ಕೂಡಿದ್ರೂ ಗಳಿಗೆಗೊಂದು ಸಲ ಎಚ್ರ. ಇವಳಿಗೆ ಮಗಿನ ಮೇಲೆ ಆಸೇನೇ ಇರಲಿಲ್ಲ ಅನ್ಕಂಡೆ..."

'ಮಗುವಿಗೆ ದ್ರೋಹ ಮಾಡಿದವಳು ನಾನು ಅಂತಲೇ ತಿಳಿದು ಎದ್ದು ಹೋಗುತ್ತಿದ್ದನೆ ಇವನು!' ಅಂದುಕೊಂಡಳು ಚಿಕ್ಕಸಿದ್ದಮ್ಮ.

"ನಿದ್ದೆ ಅನ್ಕಂಡ್ರಾ ಅದನ್ನ?" ಅವಳು ಅವನತ್ತ ತಿರುಗಿದಳು. "ಬಾವಿಗೆ ಬಿದ್ದಂಗೆ ಕಣ್ರೀ. ಎಷ್ಟು ಮಲಗಿದ್ರೂ ಸುಸ್ತು ಹೋಗಲ್ಲ. ಎಚ್ರಾದ್ರೆ ಪಕ್ಕ ತಡಕ್ತೀನಿ, ಮಗಿರಲ್ಲ. ಅದಕ್ಕೇ ಮತ್ತೆ ಮುಳುಗ್ತೀನಿ."

ಇಲ್ಲಿ ಬಣ್ಣ ಕಟ್ಟುವುದಕ್ಕೆ ಏನೂ ಇಲ್ಲ. ದುಃಖ ಒಂದೇ. ಅವನ ಕಣ್ಣಿಂದ ಅದು ನಿದ್ದೆಯನ್ನು ಕಿತ್ತುಕೊಂಡಿತ್ತು. ಅವಳನ್ನು ನಿದ್ದೆಯೊಳಗೇ ಅದುಮಿ ಹಿಡಿದಿತ್ತು.

ಬೀರಯ್ಯ ಅವಳ ಪಕ್ಕ ಕುಳಿತ. ಅವಳ ಕೈ ಹಿಡಿದುಕೊಂಡ.

"ತಪ್ಪು ತಿಳ್ಕಂಡೆ ಕಣೇ."

"ನಾನೂ... ಇನ್ಮೇಲೆ ನಿಮಗೆ ಎಚ್ರಾದಾಗ ನನ್ನೂ ಎಬ್ಬಿಸ್ರಿ. ಇಬ್ರೂ ಕುಂತ್ಕಂಡು ಅಳಣ."

"ನಿನ್ನ ಎಬ್ಬಿಸೋದು ನನ್ ಕೈಲಾದದಾ?"

"ಮಗಿನ ಹೆಸ್ರು ಕೂಗಿ. ಎದ್ದೇಳ್ತೀನಿ."

ಎರಡು ತಿಂಗಳಿಂದ ಆ ಮನೆಯಲ್ಲಿ ಯಾರೂ ಎತ್ತದ ಹೆಸರು. ಅವನು ಮೆಲ್ಲಗೆ ಕೂಗಿದ.

"ನಿಂಗೀ..."

"ಊಂ," ಎಂದಳು ಚಿಕ್ಕಸಿದ್ದಮ್ಮ, ಮಗಳ ಬದಲಿಗೆ.